ಅರಿವೆಗಂಟಿನ ಜೊತೆ ಒಂದು ಚೌಕುಳಿ ಹಾಳೆಯನ್ನೂ ಕಳಿಸಿ
ಕೌದಿಯ ಗೆಳತಿಯರಿಗೆ ವಿಶ್ರಾಮಬಾಗದಿಂದ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕಂದಿರೇ, ತಂಗಿಯರೇ,

ಉಮದಿ, ಸಂಖ, ಅಥಣಿ, ಜಮಖಂಡಿ, ಗೋಕಾಕ, ಧಾರವಾಡ, ಬೆಂಗಳೂರು, ಇನ್ನೂ ದೂರದ ನ್ಯೂಜೆರ್ಸಿ. ಈ ಊರುಗಳಿಂದ ನನಗೆ ಕೌದಿಗೆಂದು ಅರಿವೆ, ನಕ್ಷೆ, ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುತ್ತ ಬಂದವರು ನೀವು. ಕಳಿಸಬೇಕೆಂದು ಗಂಟು ಕಟ್ಟಿಟ್ಟು ಹಾಗೇ ಬಿಟ್ಟವರೂ ನಿಮ್ಮಲ್ಲಿದ್ದೀರಿ. ಅವ್ವ ತೀರಿಕೊಂಡ ಮೇಲೆ ಅವಳ ಪತ್ತಲಗಳನ್ನು ಯಾರಿಗೂ ಕೊಡಲಾರದೆ, ತಾವು ಉಡಲೂ ಆರದೆ, ಟ್ರಂಕಿನಲ್ಲಿಟ್ಟು ವರ್ಷಕ್ಕೊಮ್ಮೆ ನುಸಿಗುಳಿಗೆ ಬದಲಿಸುತ್ತಿರುವವರೂ ಇದ್ದೀರಿ. ನಿಮಗೆಲ್ಲ ಬೇರೆಬೇರೆಯಾಗಿ ಬರೆಯಬಹುದಿತ್ತು. ಹೇಳಬೇಕಾದದ್ದು ಎಲ್ಲರಿಗೂ ಒಂದೇ. ನನ್ನನ್ನು ಅರಿಯದ, ನಾನು ಅರಿಯದ ಮನೆಗಳಿಗೂ ಅದು ಮುಟ್ಟಬೇಕು. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಅಥಣಿ ಕಡೆಯ ಹೆಣ್ಣುಮಗಳು. ಮದುವೆಯಾಗಿ ಬಂದದ್ದು ವಿಶ್ರಾಮಬಾಗಕ್ಕೆ, ಸಾಂಗಲಿಗೂ ಮಿರಜಕ್ಕೂ ನಡುವೆ ಇರುವ ಬಡಾವಣೆಗೆ. ಕನ್ನಡಕ್ಕೆ ಈ ಜಾಗ ಹೊಸದಲ್ಲ. ಇಲ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೇ ರಂ. ಶ್ರೀ. ಮುಗಳಿಯವರು ದಶಕಗಳ ಕಾಲ ಕನ್ನಡ ಕಲಿಸಿದರು, ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದರು. ನಮ್ಮ ಓಣಿಯ ನೆರೆಹೊರೆಯವರು ಮರಾಠಿ ಮಾತಾಡುವವರು. ನಾನು ಕೌದಿ ಅನ್ನುವುದಕ್ಕೆ ಅವರು ಗೋಧಡಿ ಅನ್ನುತ್ತಾರೆ, ಹಳ್ಳಿಯಿಂದ ಬಂದ ಹಿರಿಯರು ವಾಕಳ ಅನ್ನುತ್ತಾರೆ. ಮಧ್ಯಾಹ್ನ ಅಂಗಳದಲ್ಲಿ ಅರಿವೆ ಹಾಸಿ ಕೂತರೆ ಮಾತು ಎರಡೂ ಭಾಷೆಯಲ್ಲಿ ನಡೆಯುತ್ತದೆ, ಸೂಜಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಅಂಚೆಯವರು ಬಾಗಿಲಲ್ಲಿ ನಿಂತು ಹೆಸರು ಕೂಗಿದಾಗ ನಾನು ಹೇಗೆ ಎದ್ದು ಬರುತ್ತೇನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಮ್ಮೆ ಜಮಖಂಡಿಯಿಂದ ಒಂದು ಗಂಟು ಬಂತು. ಮೇಲೆ ಬಿಳಿ ಮಾದರಪಾಟಿನ ಹೊದಿಕೆ, ಅಂಚಿಗೆ ಕೈಹೊಲಿಗೆ, ಹೊಲಿಗೆಯ ಮೇಲೆ ಅರಗು. ನಮ್ಮ ಅಪ್ಪನ ಕಾಲದಲ್ಲಿ ಪಾರ್ಸೆಲ್ ಕಟ್ಟುತ್ತಿದ್ದ ಹಾಗೆಯೇ. ಒಳಗೆ ಅತ್ತೆಯ ಹಸಿರು ಪತ್ತಲ, ಮಾವನ ಎರಡು ಧೋತರ, ಮಗಳ ಪ್ರಾಥಮಿಕ ಶಾಲೆಯ ನೀಲಿ ಸಮವಸ್ತ್ರ, ಗುಳೇದಗುಡ್ಡದ ಖಣದ ಒಂದು ಕುಬಸ. ಪ್ರತಿಯೊಂದಕ್ಕೂ ಸೂಜಿಯಿಂದ ಸಿಕ್ಕಿಸಿದ ಒಂದೊಂದು ಚೀಟಿ. ಅತ್ತೆಯ ಪತ್ತಲದ ಚೀಟಿಯಲ್ಲಿ, ಇದನ್ನು ಅವರು ಹೊಲಕ್ಕೆ ಬುತ್ತಿ ಒಯ್ಯುವಾಗ ಉಡುತ್ತಿದ್ದರು, ಮೊಣಕಾಲ ಹತ್ತಿರ ಸವೆದಿದೆ, ಆ ಭಾಗ ತಳಕ್ಕೆ ಹಾಕು ಎಂದಿತ್ತು. ಕಳಿಸಿದಾಕೆ ಬುದ್ಧಿವಂತೆ. ಅರಿವೆಯನ್ನು ಹೇಗೆ ಕಳಿಸಬೇಕೆಂದು ನನಗೇ ಕಲಿಸಿದಳು. ಆ ಕೌದಿ ಹೊಲಿಯುವಾಗ ಯಾವ ತುಂಡು ಎಲ್ಲಿಗೆ ಎಂದು ನಾನು ಯೋಚಿಸಲೇಬೇಕಾಗಲಿಲ್ಲ.

ಇಚಲಕರಂಜಿಯಂಥ ಮಗ್ಗದ ಊರು ಪಕ್ಕದಲ್ಲೇ ಇರುವಾಗ ಅಂಚೆಯಲ್ಲಿ ಬಟ್ಟೆ ತರಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಆ ಊರು ಬಟ್ಟೆಯ ಮೇಲೆಯೇ ಬದುಕಿದೆ. ಹೊಸ ಪಾಪ್ಲಿನ್, ಕೇಂಬ್ರಿಕ್ ಬೇಕಾದಷ್ಟು ಸಿಗುತ್ತದೆ. ಆದರೆ ಇಪ್ಪತ್ತು ವರ್ಷ ಒಗೆದು ಒಗೆದು ಮೆತ್ತಗಾದ ಧೋತರ ಯಾವ ಮಗ್ಗದಲ್ಲೂ ನೇಯಲು ಬರುವುದಿಲ್ಲ. ಕೌದಿಗೆ ಬೇಕಾದದ್ದು ಅದೇ. ಅಮೆರಿಕದ ಕ್ವಿಲ್ಟಿನಲ್ಲಿ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಸು ಇರುತ್ತದೆ. ನಮ್ಮ ಕೌದಿಗೆ ಹತ್ತಿ ತುಂಬುವ ಪದ್ಧತಿಯಿಲ್ಲ. ಅರಿವೆಯ ಮೇಲೆ ಅರಿವೆ, ಅದರ ಮೇಲೆ ಅರಿವೆ. ಬೆಚ್ಚಗಿಡುವುದು ಆ ಪದರಗಳೇ. ಹೊಸ ಬಟ್ಟೆ ನಾಲ್ಕು ಪದರ ಹಾಕಿದರೆ ಸೂಜಿ ಹೋಗುವುದಿಲ್ಲ, ಬೆರಳು ನೋಯುತ್ತದೆ, ಒಗೆದ ಮೇಲೆ ಒಂದೊಂದು ಪದರ ಒಂದೊಂದು ಕಡೆ ಕುಗ್ಗಿ ಕೌದಿ ಉಬ್ಬುತ್ತದೆ. ಹಳೆಯ ಅರಿವೆ ಕುಗ್ಗಬೇಕಾದಷ್ಟು ಮೊದಲೇ ಕುಗ್ಗಿರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗಲಿ ಪೇಟೆಯೊಳಗೆ ಬಂದಳು. ಹಳೆಯ ಊರಿನ ಗಾವಭಾಗದಲ್ಲಿ ನಮ್ಮ ಬಳಗದ ಹಿರಿಯರೊಬ್ಬರ ಮನೆಯಿತ್ತು. ನೀರು ಇಳಿದ ಮೇಲೆ ನಾವು ಹೋಗಿ ನೋಡಿದರೆ ಅವರ ಅಜ್ಜಿ, ಅವ್ವ, ಅವರು ಹೊಲಿದ ಮೂರು ತಲೆಮಾರಿನ ಕೌದಿಗಳು ಕೆಸರಿನಲ್ಲಿ ಬಿದ್ದಿದ್ದವು. ನೆನೆದ ಕೌದಿಯನ್ನು ಇಬ್ಬರು ಹಿಡಿದರೂ ಎತ್ತಲಾಗುವುದಿಲ್ಲ. ಕೆಲವನ್ನು ತೊಳೆದು ಒಣಗಿಸಿದೆವು, ಹೆಚ್ಚಿನವು ಕೈಯಲ್ಲೇ ಹರಿದುಹೋದವು. ಆಗ ನಿಮ್ಮಲ್ಲಿ ಅನೇಕರು ಕೇಳದೆಯೇ ಗಂಟು ಕಳಿಸಿದಿರಿ. ಆ ಅರಿವೆಯಿಂದ ಅವರಿಗೆ ಮತ್ತೆ ಹಾಸಿಗೆ ಹೊದಿಕೆ ಆದವು. ಆದರೆ ಹೋದ ಕೌದಿಗಳ ಮೇಲ್ಮೈ ಹೇಗಿತ್ತು, ನಡುವಿನ ಚೌಕದ ಸುತ್ತ ಎಷ್ಟು ಸುತ್ತಿನ ಪಟ್ಟಿ ಇತ್ತು, ಮೂಲೆಗೆ ಯಾವ ತುಂಡು ಬರುತ್ತಿತ್ತು ಎಂದು ಕೇಳಿದಾಗ ಆ ಹಿರಿಯರು ಬಹಳ ಹೊತ್ತು ಯೋಚಿಸಿದರು. ಅರ್ಧ ಹೇಳಿದರು. ಉಳಿದರ್ಧ ಅವರ ಅಜ್ಜಿಗೆ ಗೊತ್ತಿತ್ತು. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. ಅರಿವೆ ಹೋದರೆ ಅರಿವೆ ತಂದುಕೊಳ್ಳಬಹುದು. ಆ ದಿನ ನಾನು ಕಂಡ ನಷ್ಟ ಬೇರೆ, ಮತ್ತು ಈ ಪತ್ರ ಹುಟ್ಟಿದ್ದು ಅಲ್ಲಿಂದ.

ನಿಮ್ಮಲ್ಲಿ ನಾನು ಮುಖ್ಯವಾಗಿ ಬೇಡುವುದು ಆ ನಷ್ಟದ ಬಗ್ಗೆಯೇ. ಅದಕ್ಕೂ ಮೊದಲು ಅರಿವೆಯ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ಹೊಸದಾಗಿ ಕಳಿಸುವವರು ಕೇಳುತ್ತಲೇ ಇರುತ್ತೀರಿ.

ನೂಲಿನ ಅರಿವೆಯನ್ನೇ ಕಳಿಸಿ. ನೂಲೋ ಪಾಲಿಸ್ಟರೋ ಗೊತ್ತಾಗದಿದ್ದರೆ ಅಂಚಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯಿರಿ. ನೂಲು ಕಾಗದದಂತೆ ಉರಿದು ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಮಣಿಯಾಗುವ ಬಟ್ಟೆ ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ, ಹಸುಗೂಸಿನ ಮೈಗೆ ತಾಗುವ ಕೌದಿಗೆ ಅದು ಬೇಡವೇ ಬೇಡ. ಸೀರೆಯನ್ನು ಕತ್ತರಿಸಿ ಕಳಿಸಬೇಡಿ. ಅಂಚೆ ಖರ್ಚು ಉಳಿಯಲೆಂದು ಚೆನ್ನಾಗಿರುವ ಭಾಗವನ್ನಷ್ಟೇ ಕತ್ತರಿಸಿ ಕಳಿಸುವವರಿದ್ದೀರಿ, ಒಳ್ಳೆಯ ಮನಸ್ಸಿನಿಂದಲೇ. ನನಗೆ ಇಡೀ ಸೀರೆ ಬೇಕು, ಸವೆದದ್ದೂ ಸೇರಿ. ಲೆಕ್ಕ ನೋಡಿ: ಒಂಬತ್ತು ಗಜದ ಪತ್ತಲವನ್ನು ನಾಲ್ಕಾಗಿ ಹರಿದರೆ ಒಂದೊಂದು ತುಂಡು ಏಳು ಅಡಿಗೆ ಮೂರೇ ಇಂಚು ಕಡಿಮೆ. ಎರಡೆರಡನ್ನು ಪಕ್ಕಪಕ್ಕ ಜೋಡಿಸಿದರೆ ಇಬ್ಬರು ಮಲಗುವ ಕೌದಿಗೆ ಎರಡು ಪದರ ಬುಡ ಒಂದೇ ಪತ್ತಲದಲ್ಲಿ ಸಿಕ್ಕಿತು. ತುಂಡಾಗಿ ಬಂದರೆ ಆ ಬುಡವನ್ನೇ ತೇಪೆ ಹಾಕಿ ಕಟ್ಟಬೇಕಾಗುತ್ತದೆ, ತೇಪೆಯ ಜೋಡಣೆ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಇಳಕಲ್ ಸೀರೆಯಾದರೆ ಸೆರಗನ್ನು ಬೇರ್ಪಡಿಸಬೇಡಿ. ಅಲ್ಲಿ ಮೈಯ ಹಾಸೆಳೆಗೂ ಸೆರಗಿನ ಹಾಸೆಳೆಗೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ; ಕತ್ತರಿ ಆಡಿದರೆ ಆ ಕೂಡಿಕೆಯೇ ಮೊದಲು ಬಿಚ್ಚಿಕೊಳ್ಳುತ್ತದೆ. ಕೆಂಪು, ಕಡುನೀಲಿ ಅರಿವೆಗಳನ್ನು ಬೇರೆಯಾಗಿ ಎರಡು ಸಲ ನೆನೆಸಿ, ನೀರು ತಿಳಿಯಾದ ಮೇಲೆ ಒಣಗಿಸಿ ಕಳಿಸಿ. ಕೊಕ್ಕೆ, ಗುಂಡಿ ತೆಗೆದುಹಾಕಿ.

ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಣ್ಣುಮಕ್ಕಳು ನಿಮ್ಮ ಓಣಿಗೂ ಬರುತ್ತಾರೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ತಿರುಗುವ ಅವರ ಹೊಟ್ಟೆಪಾಡಿನ ಬಗ್ಗೆ ನನಗೆ ಗೌರವವಿದೆ. ಅವರಿಗೆ ಜರಿಯದು, ನೈಲಾನಿನದು, ಮದುವೆ ಮನೆಯಲ್ಲಿ ಸಿಕ್ಕಿ ಉಡದೇ ಇಟ್ಟದ್ದು ಕೊಡಿ. ಅವಕ್ಕೆ ಪೇಟೆಯಲ್ಲಿ ಬೆಲೆಯೂ ಹೆಚ್ಚು. ಅವ್ವನ ನೂಲಿನ ಪತ್ತಲವನ್ನು ಒಂದು ಡಬ್ಬಿಗೆ ಕೊಡಬೇಡಿ.

ಇನ್ನು ಅಂಚೆ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಚೀಲ, ಹೊರಗೆ ಬಟ್ಟೆ. ಬರೀ ಪ್ಲಾಸ್ಟಿಕ್ಕಾದರೆ ದಾರಿಯಲ್ಲಿ ಹರಿಯುತ್ತದೆ, ಬರೀ ಬಟ್ಟೆಯಾದರೆ ನೆನೆಯುತ್ತದೆ. ನೆನೆದು ಬಂದ ಒಂದು ಗಂಟಿನಲ್ಲಿ ಕೆಂಪು ಕುಬಸದ ಬಣ್ಣ ಇಡೀ ಬಿಳಿ ಧೋತರಕ್ಕೆ ಹತ್ತಿದ್ದನ್ನು ಕಂಡಿದ್ದೇನೆ. ವಿಳಾಸವನ್ನು ಕನ್ನಡದಲ್ಲಿ ಬರೆಯಿರಿ, ನನಗೆ ಅದನ್ನು ನೋಡುವುದೇ ಖುಷಿ. ಅದರ ಕೆಳಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮತ್ತೊಮ್ಮೆ ಬರೆಯಿರಿ. ಇಲ್ಲಿ ವಿಂಗಡಿಸುವವರು ಕನ್ನಡ ಓದಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಪಿನ್‌ಕೋಡ್ ಮಾತ್ರ ಬಿಡಬೇಡಿ. ಗಡಿಯ ಎರಡೂ ಬದಿಗೆ ಒಂದೇ ಹೆಸರಿನ ಹಳ್ಳಿಗಳಿವೆ. ಅವನ್ನು ಬೇರ್ಪಡಿಸುವುದು ಆ ಆರು ಅಂಕಿಗಳೇ. ಕರ್ನಾಟಕದ್ದು 5ರಿಂದ ಶುರು, ಮಹಾರಾಷ್ಟ್ರದ್ದು 4ರಿಂದ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಏರ್ಪಾಡನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ, ಸಂಸ್ಕೃತದಲ್ಲಿ ಕಾವ್ಯ ಬರೆದ ಅಂಚೆ ಅಧಿಕಾರಿ. ಬೇರೆಬೇರೆ ಭಾಷೆಯ ವಿಳಾಸಗಳ ಗೊಂದಲ ತಪ್ಪಿಸಲೆಂದೇ ಅವರು ಅಂಕಿಗಳನ್ನು ಆರಿಸಿಕೊಂಡರು. ನಮ್ಮಂಥ ಗಡಿಯವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ಪುಸ್ತಕ ಕಳಿಸುವವರು ಅರಿವೆಯ ಗಂಟಿನೊಳಗೆ ಅದನ್ನು ತುರುಕಬೇಡಿ. 2025ರ ಮೇ 1ರಿಂದ ಅಂಚೆ ಇಲಾಖೆ ಜ್ಞಾನ ಪೋಸ್ಟ್ ಎಂಬ ಸೇವೆ ನಡೆಸುತ್ತಿದೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಪುಸ್ತಕಗಳಿಗೆ 300 ಗ್ರಾಮ್‌ವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ ಎಂದು ಶುರುವಾಯಿತು. ಗಂಟು ಎಲ್ಲಿದೆ ಎಂದು ನೋಡಲೂ ಬರುತ್ತದೆ. ಅದರಲ್ಲಿ ಅಚ್ಚಾದದ್ದು ಮಾತ್ರ ಹೋಗಬೇಕು, ಖಾಸಗಿ ಪತ್ರವನ್ನೂ ಬಟ್ಟೆಯನ್ನೂ ಸೇರಿಸಬಾರದು. ಅರಿವೆಗೆ ಪಾರ್ಸೆಲ್, ಕಾಗದಕ್ಕೆ ಸ್ಪೀಡ್ ಪೋಸ್ಟ್. ಹಳೆಯ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿಯೇ ಸೇರಿಹೋಯಿತು.

ವಿದೇಶದಲ್ಲಿರುವ ತಂಗಿಯರಿಗೆ ಒಂದು ಮಾತು. ಅಲ್ಲಿಯ ಅಂಗಡಿಯ ಅಂದವಾದ ಹೊಸ ತುಂಡುಗಳನ್ನು, ಐದಿಂಚಿನ ಚೌಕಗಳ ಕಟ್ಟುಗಳನ್ನು ಪ್ರೀತಿಯಿಂದ ಕಳಿಸುತ್ತೀರಿ. 2019ರ ಡಿಸೆಂಬರಿನಿಂದ ಹೊರದೇಶದಿಂದ ಅಂಚೆಯಲ್ಲಿ ಬರುವ ಉಡುಗೊರೆಗಿದ್ದ ಸುಂಕದ ವಿನಾಯಿತಿ ಹೋಗಿದೆ. ಉಳಿದದ್ದು ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ. ಉಡುಗೊರೆಯ ಸುಂಕವನ್ನು ಪಡೆದವರು ಕಟ್ಟಬೇಕು. ನನಗೆ ಕಟ್ಟುವುದು ಕಷ್ಟವಾಗದಿರಬಹುದು, ಹಳ್ಳಿಯಲ್ಲಿ ಕೂಲಿಗೆ ಕೌದಿ ಹೊಲಿಯುವಾಕೆಗೆ ಕಷ್ಟ. ಕಳಿಸುವ ಮೊದಲು ಕೇಳಿ. ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತಂದರೆ ಇನ್ನೂ ಒಳ್ಳೆಯದು.

ಈಗ ನನ್ನ ಮುಖ್ಯ ಬೇಡಿಕೆ.

ನೀವು ಕಳಿಸಿದ ಪುಸ್ತಕಗಳೆಲ್ಲ ನನ್ನ ಗೋಡೆಯ ಕಪಾಟಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದವು. ಗೀತಾ ಖಂಡೇಲವಾಲರು ಮಹಾರಾಷ್ಟ್ರದ ಗೋಧಡಿಗಳ ಬಗ್ಗೆ ಮಾಡಿದ ದೊಡ್ಡ ಪುಸ್ತಕವಿದೆ. ಅದನ್ನು ಅಚ್ಚು ಹಾಕಿದ್ದು ಫ್ರಾನ್ಸಿನ ಪ್ರಕಾಶಕರು. ಅಮೆರಿಕದ ಬಾರ್ಬರಾ ಬ್ರಾಕ್‌ಮನ್ ಅವರ ವಿಶ್ವಕೋಶ ನೋಡಿ: 1993ರಲ್ಲಿ ಬಂದ ಆ ಪುಸ್ತಕದಲ್ಲಿ ನಾಲ್ಕು ಸಾವಿರಕ್ಕೂ ಮೀರಿದ ತುಂಡುಜೋಡಣೆಯ ನಕ್ಷೆಗಳಿವೆ. ಪ್ರತಿ ನಕ್ಷೆಗೂ ಒಂದು ಸಂಖ್ಯೆ, ಯಾವ ಪತ್ರಿಕೆಯಲ್ಲಿ ಯಾವ ಹೆಸರಿನಿಂದ ಬಂತು ಎಂಬ ದಾಖಲೆ. ಅಲ್ಲಿಯ ಹೆಣ್ಣುಮಗಳು ಅಜ್ಜಿಯ ಕ್ವಿಲ್ಟನ್ನು ಮುಂದಿಟ್ಟುಕೊಂಡು, ಇದು ಇಂಥ ನಕ್ಷೆ, ಇಂಥ ಕಾಲದ್ದು ಎಂದು ಹುಡುಕಬಲ್ಲಳು.

ಇಷ್ಟೆಲ್ಲ ಅವರಿಗೆ ಹೇಗೆ ದಕ್ಕಿತು? ಬಹುಪಾಲು ಅಂಚೆಯಿಂದ. 1889ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಲೇಡೀಸ್ ಆರ್ಟ್ ಕಂಪನಿ ಶುರುವಾಗಿ, ನಕ್ಷೆಗಳ ಪಟ್ಟಿಯನ್ನು ಅಚ್ಚು ಹಾಕಿ ಅಂಚೆಯಲ್ಲಿ ಮಾರತೊಡಗಿತು. 1928ರಿಂದ 1961ರವರೆಗೆ ಕ್ಯಾನ್ಸಸ್ ಸಿಟಿ ಸ್ಟಾರ್ ಪತ್ರಿಕೆ ಕ್ವಿಲ್ಟಿನ ನಕ್ಷೆಗಳನ್ನು ಪ್ರಕಟಿಸುತ್ತ ಬಂತು. ಅವುಗಳಲ್ಲಿ ಎಷ್ಟೋ ಓದುಗರೇ ಕಳಿಸಿಕೊಟ್ಟವು. ಹೊಲಮನೆಯ ಹೆಣ್ಣುಮಕ್ಕಳು ಅವನ್ನು ಕತ್ತರಿಸಿ ಲಕೋಟೆಗೆ ಹಾಕಿ ಗೆಳತಿಯರಿಗೆ ಕಳಿಸಿದರು. ದೊಡ್ಡ ವಿದ್ವಾಂಸರು ಬರುವ ಮೊದಲೇ ದಾಖಲೆ ಸಿದ್ಧವಾಗಿತ್ತು. ನಮ್ಮ ಕೌದಿಗೆ ತೀರ ಹತ್ತಿರದ ನಂಟು ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳದ್ದು. ಹೊಲದಲ್ಲಿ ದುಡಿದು ಸವೆಸಿದ ಬಟ್ಟೆಗಳನ್ನೇ ಜೋಡಿಸಿ ಅವರು ಹೊಲಿದ ಕ್ವಿಲ್ಟುಗಳು 2002ರಲ್ಲಿ ವಸ್ತುಸಂಗ್ರಹಾಲಯ ಸೇರಿದವು, 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದವು. ಬಡತನದ ಹೊದಿಕೆ ಎಂದು ಅವರು ಅದನ್ನು ಮುಚ್ಚಿಟ್ಟಿದ್ದರೆ ಇದಾಗುತ್ತಿರಲಿಲ್ಲ.

ನಮ್ಮಲ್ಲಿ ಏನಿದೆ? ಕಸೂತಿಯನ್ನು ನೋಡಿ. ಗವಂತಿ, ಮುರಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳ ಹೆಸರು ಹೊಲಿಗೆ ಕ್ಲಾಸಿಗೆ ಹೋಗುವ ಹುಡುಗಿಗೂ ಗೊತ್ತು. ಗೋಪುರ, ತೇರು, ತುಳಸಿಕಟ್ಟೆ ಎಂದು ಚಿತ್ರಗಳಿಗೆ ಹೆಸರಿದೆ, ಚೌಕುಳಿ ಕಾಗದದ ಮೇಲೆ ನಕ್ಷೆಗಳಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಗೂ, ಅಂದರೆ ಅವರ ಕೌದಿಗೂ, ಸ್ವಲ್ಪ ನ್ಯಾಯ ಸಿಕ್ಕಿದೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅವರ ನಡುವೆ ಓಡಾಡಿ ಬರೆದರು, 2004ರಲ್ಲಿ ಆ ಹೆಣ್ಣುಮಕ್ಕಳದೇ ಒಂದು ಸಹಕಾರ ಸಂಘಕ್ಕೆ ನೆರವಾದರು. ಮೂಲೆಗೆ ಮಡಚಿ ಇಡುವ ತ್ರಿಕೋನದ ತುಂಡನ್ನು ಸಿದ್ದಿಯರು ಫುಲ ಎನ್ನುತ್ತಾರೆ, ಅದಿಲ್ಲದೆ ಕವಂದಿ ಮುಗಿಯುವುದಿಲ್ಲ ಎಂದು ಇಂದು ನಾನು ವಿಶ್ರಾಮಬಾಗದಲ್ಲಿ ಕೂತು ಓದಬಲ್ಲೆ. ಜತ್ತ ತಾಲೂಕಿನ ಕೌದಿಯ ಬಗ್ಗೆ, ಅಥಣಿಯ ಕೌದಿಯ ಬಗ್ಗೆ, ನನ್ನ ಸ್ವಂತ ಅಜ್ಜಿಯ ಕೌದಿಯ ಬಗ್ಗೆ ಹೀಗೆ ಓದಲು ನನ್ನ ಕಪಾಟಿನಲ್ಲಿ ಒಂದು ಪುಟವೂ ಇಲ್ಲ. ಸಾವಿರಾರು ಮೈಲಿ ಆಚೆಯ ನಕ್ಷೆಗಳನ್ನು ನೀವು ನನಗೆ ಕಳಿಸುತ್ತಿದ್ದೀರಿ. ನಿಮ್ಮ ಮಂಚದ ಮೇಲಿರುವ ನಕ್ಷೆ ಇನ್ನೂ ಬಂದಿಲ್ಲ.

ಅದನ್ನು ಕಳಿಸಿ. ಅರಿವೆಯ ಗಂಟಿನ ಜೊತೆ ಒಂದು ಚೌಕುಳಿ ಹಾಳೆ.

ಮಕ್ಕಳ ಗಣಿತದ ನೋಟುಬುಕ್ಕಿನ ಹಾಳೆ ಸಾಕು. ಮನೆಯಲ್ಲಿರುವ ಹಳೆಯ ಕೌದಿಯನ್ನು ನೆಲಕ್ಕೆ ಹಾಸಿ. ಒಂದು ಗೇಣಿಗೆ ಒಂದು ಚೌಕ ಎಂದು ಲೆಕ್ಕ ಇಟ್ಟುಕೊಂಡು ಮೇಲಿನ ತುಂಡುಗಳನ್ನು ಹಾಗೆಯೇ ಇಳಿಸುತ್ತ ಹೋಗಿ. ಚೌಕವಾದರೆ ಚೌಕ, ಮುಕ್ಕೋನವಾದರೆ ಮುಕ್ಕೋನ, ಸೊಟ್ಟಗಿದ್ದರೆ ಸೊಟ್ಟಗೆ. ದಯವಿಟ್ಟು ನೆಟ್ಟಗೆ ಮಾಡಬೇಡಿ; ಅರಿವೆ ಸಾಲದೆ ಬಂದ ಆ ಸೊಟ್ಟವೂ ಹೊಲಿದವಳ ತೀರ್ಮಾನವೇ. ಆಮೇಲೆ ಕೌದಿಯನ್ನು ತಿರುಗಿಸಿ. ಬೆನ್ನಿನ ಕಡೆ ಹೊಲಿಗೆಯ ಸಾಲುಗಳು ನಿಚ್ಚಳವಾಗಿ ಕಾಣುತ್ತವೆ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಒಂದೊಂದು ಹೊಲಿಗೆಯೂ ಎಣಿಸಲು ಬರುತ್ತದೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುತ್ತದೆಯೋ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲಾಗಿ ಓಡುತ್ತದೆಯೋ ನೋಡಿ, ಬಾಣದ ಗುರುತು ಹಾಕಿ. ಸಾಲು ಸಾಲಿನ ನಡುವೆ ಎಷ್ಟು ಬೆರಳು ಜಾಗ, ಒಟ್ಟು ಎಷ್ಟು ಪದರ, ದಾರ ಅಂಗಡಿಯದೋ ಹಳೆಯ ಸೀರೆಯ ಅಂಚಿನಿಂದ ಎಳೆದದ್ದೋ ಬರೆಯಿರಿ.

ಕಾಗದದ ಹಿಂಬದಿಗೆ ಹೊಲಿದವರ ಹೆಸರು, ಊರು, ಕಲಿಸಿದವರು ಯಾರು. ಅವರು ಬದುಕಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಹೆಸರು ಬರೆಯಲು ಅವರ ಒಪ್ಪಿಗೆ ಪಡೆಯಿರಿ. ಅವರು ಆ ತುಂಡಿಗೆ, ಆ ಮೂಲೆಗೆ, ಆ ಹೊಲಿಗೆಗೆ ಏನನ್ನುತ್ತಾರೋ ಅದೇ ಮಾತು ಬರೆಯಿರಿ, ಪುಸ್ತಕದ ಮಾತಿಗೆ ತಿದ್ದಬೇಡಿ. ಬಾಣಂತಿ ಕೋಣೆಗೆ ಹೊಲಿದದ್ದೋ, ಮಗಳ ಜೊತೆ ಗಂಡನ ಮನೆಗೆ ಕಳಿಸಿದ್ದೋ, ಎತ್ತಿನ ಬೆನ್ನಿಗೆ ಹೊದಿಸಿದ್ದೋ ಅದನ್ನೂ ತಿಳಿಸಿ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನಿಮ್ಮೂರಿಗೆ ಬಂದರೆ ಅವರನ್ನು ಮರೆಯಬೇಡಿ. ಎಷ್ಟೋ ಮನೆಯ ಕೌದಿಯ ಮೇಲೆ ಅವರದೇ ಕೈಯಿದೆ, ಅವರ ಹೆಸರನ್ನು ಯಾರೂ ಕೇಳಿಲ್ಲ. ಅವರನ್ನು ಕೂಡಿಸಿಕೊಂಡು ಕೇಳುವ ಹೊತ್ತಿಗೆ ಅವರ ಅರ್ಧ ದಿನದ ದುಡಿಮೆ ಹೋಗುತ್ತದೆ. ಆ ಕೂಲಿಯನ್ನು ಕೊಟ್ಟು ಕೇಳಿ.

ನಮಗೆ ಚಿತ್ರ ಬರೆಯಲು ಬರುವುದಿಲ್ಲ ಎನ್ನುವಿರಿ. ರಂಗೋಲಿ ಹಾಕುವ ಕೈಗೆ ಇದು ಬರುತ್ತದೆ. ನಮ್ಮ ಕೌದಿಯಲ್ಲಿ ಅಂಥ ವಿಶೇಷವೇನೂ ಇಲ್ಲ ಎನ್ನುವಿರಿ. ಅದನ್ನು ನೀವು ತೀರ್ಮಾನಿಸಬೇಡಿ. ಉಮದಿಯ ಒಂದು ಹಾಳೆ, ಗೋಕಾಕದ ಒಂದು ಹಾಳೆ, ಮ್ಹೈಸಾಳದ ಒಂದು ಹಾಳೆ ಪಕ್ಕಪಕ್ಕ ಇಟ್ಟಾಗ ಮಾತ್ರ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂದು ತಿಳಿಯುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಕ್ಷಮಿಸಿ. ನೆಂಟರು ಬರುತ್ತಾರೆಂದರೆ ಕೌದಿಯನ್ನು ಒಳಗಿಟ್ಟು ಅಂಗಡಿಯ ಬ್ಲಾಂಕೆಟ್ ಹಾಸುವ ಮನೆಗಳನ್ನು ನಾನು ಬಲ್ಲೆ. ಅದೇ ಮನೆಯ ಮಗಳು ಬೆಂಗಳೂರಿನ ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೌದಿ ಕೊಂಡು ಸೋಫಾದ ಮೇಲೆ ಹಾಕುತ್ತಾಳೆ. ಕೊಳ್ಳಲಿ, ಹೊಲಿದವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಅಂಗಡಿಯ ಚೀಟಿಯಲ್ಲಿ ಹೊಲಿದವಳ ಹೆಸರಿಲ್ಲದ್ದಕ್ಕೆ ನಾವೂ ಹೊಣೆ. ಮನೆಯವರೇ ಬರೆದಿಡದ ಹೆಸರನ್ನು ಅಂಗಡಿಯವರು ಎಲ್ಲಿಂದ ತರುತ್ತಾರೆ? ನಕ್ಷೆಯ ಪುಸ್ತಕಗಳನ್ನು ಇಡಿಯಾಗಿ ಜೆರಾಕ್ಸ್ ಮಾಡಿ ಹಂಚುವುದನ್ನೂ ನಿಲ್ಲಿಸಿ. ಅದರ ಹಿಂದೆಯೂ ಒಬ್ಬ ಹೆಣ್ಣುಮಗಳ ವರ್ಷಗಟ್ಟಲೆಯ ದುಡಿಮೆ ಇದೆ. ಓದಿ ಮುಗಿಸಿದ ಪುಸ್ತಕವನ್ನೇ ಕಳಿಸಿ, ನಾನು ಓದಿ ಮುಂದಿನವರಿಗೆ ದಾಟಿಸುತ್ತೇನೆ.

ನಿಮ್ಮ ಹಾಳೆಗಳನ್ನು ನಾನೇನು ಮಾಡುತ್ತೇನೆಂದು ಕೇಳುವ ಹಕ್ಕು ನಿಮಗಿದೆ. ಊರಿನ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಕಟ್ಟು ಹಾಕಿಸುತ್ತೇನೆ. ಹಾಳೆ ಕಳಿಸಿದ ಪ್ರತಿ ಮನೆಗೂ ಒಂದು ಪ್ರತಿ ಅಂಚೆಯಲ್ಲಿ ವಾಪಸು ಬರುತ್ತದೆ, ನನ್ನ ಖರ್ಚಿನಲ್ಲಿ. ಜತ್ತ, ಮಿರಜ ತಾಲೂಕುಗಳ ಕನ್ನಡ ಶಾಲೆಗಳಿಗೂ ಒಂದೊಂದು ಕೊಡಬೇಕೆಂದಿದ್ದೇನೆ. ಆ ಶಾಲೆಯ ಮಕ್ಕಳು ಬಯಲಾಟದ ಬಗ್ಗೆ, ಡೊಳ್ಳಿನ ಬಗ್ಗೆ ಪಾಠ ಓದುತ್ತಾರೆ; ರಾತ್ರಿ ತಾವು ಹೊದ್ದು ಮಲಗುವ ಕಲೆಯ ಬಗ್ಗೆಯೂ ಓದಲಿ. ಯಾರ ನಕ್ಷೆಯನ್ನೂ ಮಾರುವುದಿಲ್ಲ. ಯಾರ ಹೆಸರನ್ನೂ ಬಿಡುವುದಿಲ್ಲ.

ಅರಿವೆಯಾಗಲಿ ಹಾಳೆಯಾಗಲಿ ಮುಟ್ಟಿದ ದಿನವೇ ನಾನು ಒಂದು ಕಾರ್ಡು ಬರೆದು ಹಾಕುತ್ತೇನೆ. ನಿಮಗೂ ಯಾರಾದರೂ ಗಂಟು ಕಳಿಸಿದರೆ ಹಾಗೇ ಮಾಡಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಯಾವ ಪತ್ತಲ ಯಾವ ಕೌದಿಗೆ ಸೇರಿತು ಎಂದು ಕಾರ್ಡಿನಲ್ಲಿದ್ದರೆ ಮುಂದೆ ಮೊಮ್ಮಗಳು ಓದುತ್ತಾಳೆ.

ದೀಪಾವಳಿಗೆ ಟ್ರಂಕು, ಕಪಾಟು ತೆಗೆಯುತ್ತೀರಿ. ಆಗ ಕೈಗೆ ಸಿಗುವ ಮೊದಲ ಹಳೆಯ ಕೌದಿಯಿಂದಲೇ ಶುರುಮಾಡಿ. ಸಂಕ್ರಾಂತಿಯೊಳಗೆ ಹಾಳೆಗಳು ಬಂದರೆ ಯುಗಾದಿಗೆ ಮೊದಲ ಕಟ್ಟು ನಿಮ್ಮ ಮನೆಗೆ ಬರುತ್ತದೆ. ಅರಿವೆ ಕಳಿಸಲು ಆಗದಿದ್ದರೂ ಚಿಂತೆಯಿಲ್ಲ, ಹಾಳೆಯನ್ನು ಮಾತ್ರ ತಪ್ಪಿಸಬೇಡಿ. ಹೊಲಿದ ಅಜ್ಜಿ ಇನ್ನೂ ಇರುವ ಮನೆಯವರು ದೀಪಾವಳಿಯನ್ನೂ ಕಾಯಬೇಡಿ, ಈ ವಾರವೇ ಅವರ ಪಕ್ಕದಲ್ಲಿ ಪ್ರೀತಿಯಿಂದ ಕೂತು ಕೇಳಿ ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸದ,
ಅಥಣಿ ಕಡೆಯ ಒಬ್ಬ ಅಕ್ಕ
ವಿಶ್ರಾಮಬಾಗ, ಸಾಂಗಲಿ – 416415